ಕಬ್ಬಿಣ ಬಿಡಿ, ಕಾಡು ಹಿಡಿಯಿರಿ

ನಮಸ್ಕಾರ. ಇಂಗ್ಲಿಷಿನ ಉಗ್ರ ಪದಗಳಿಗೆ ಲ್ಯಾಟಿನ್ ಬೇರು ಹುಡುಕಿದ ನಿಮ್ಮ ಲೇಖನ ಓದಿದೆ. ಈಗಿರುವ ಹಾಗೆ ಪತ್ರಿಕೆಯಲ್ಲಿ ಹಾಕಲು ಆಗುವುದಿಲ್ಲ. ಹಾಗಂತ ಬಿಸಾಡುವಂಥದ್ದೂ ಅಲ್ಲ, ಅದಕ್ಕೇ ಈ ಪತ್ರ.

ಉಗ್ರ ಎನ್ನುವ ‘ಫಿಯರ್ಸ್’ ಬಂದದ್ದು ‘ಫೆರ್ರುಮ್’ನಿಂದ, ಅಂದರೆ ಕಬ್ಬಿಣದಿಂದ ಅಂದಿದ್ದೀರಿ. ಅಲ್ಲ. ಅದರ ಮೂಲ ‘ಫೆರುಸ್’, ಪಳಗದ್ದು, ಕಾಡಿನದು ಅಂತ. ಅನಾಗರಿಕ, ಕ್ರೂರ ಎನ್ನುವ ‘ಸ್ಯಾವೇಜ್’ಗೂ ಲ್ಯಾಟಿನ್ನಿನಲ್ಲಿ ಕ್ರೂರ ಎನ್ನುವ ‘ಸೈವುಸ್’ಗೂ ನಂಟಿಲ್ಲ. ಕಾಡಿಗೆ ‘ಸಿಲ್ವಾ’ ಅನ್ನುತ್ತಿದ್ದರು. ಅದರಿಂದಾದ ‘ಸಿಲ್ವಾತಿಕುಸ್’ ಫ್ರೆಂಚರ ಬಾಯಲ್ಲಿ ಸವೆದು ‘ಸ್ಯಾವೇಜ್’ ಆಯಿತು. ಸದ್ದು ಹೋಲುತ್ತದೆ ಅಂತ ಸುಮ್ನೆ ನೆಂಟಸ್ತನ ಕಟ್ಟಬೇಡಿ.

ಆಮೇಲೆ ಆ ಪದಪಟ್ಟಿ. ಪೂರ್ತಿ ತೆಗೆಯಿರಿ. ಓದುಗರ ಮನೆಯಲ್ಲೂ ಡಿಕ್ಷನರಿ ಇರುತ್ತೆ, ಅಲ್ವಾ?

ಲೇಖನದ ಜೀವ ಇರುವುದು ನೀವು ಒಂದೇ ಸಾಲಿನಲ್ಲಿ ದಾಟಿಬಿಟ್ಟ ‘ಫೆರೋಕ್ಸ್’ನಲ್ಲಿ. ಅದರ ಕೊನೆಯ ‘ಓಕ್ಸ್’ ನೋಟಕ್ಕೆ ಸೇರಿದ ಬೇರು ಎನ್ನುತ್ತಾರೆ ಭಾಷಾಶಾಸ್ತ್ರಜ್ಞರು. ಲ್ಯಾಟಿನ್ನಿನ ಕಣ್ಣು ‘ಓಕುಲುಸ್’, ಸಂಸ್ಕೃತದ ‘ಅಕ್ಷಿ’ ಎರಡೂ ಅದೇ ಬಳಗ. ಅಂದರೆ ‘ಫೆರೋಕ್ಸ್’ ಕಾಡು ಕಣ್ಣಿನವನು. ಇಂಗ್ಲಿಷಿನ ‘ಫೆರೋಷಿಯಸ್’ ಇದರ ಕುಡಿ. ಮಸಿಗಪ್ಪಿಗೆ ‘ಆತೆರ್’ ಎನ್ನುತ್ತಿದ್ದರು. ಅದಕ್ಕೆ ಅದೇ ಕಣ್ಣು ಸೇರಿ ‘ಆತ್ರೋಕ್ಸ್’, ಅದರಿಂದ ‘ಅಟ್ರಾಸಿಟಿ’. 1989ರ ಪರಿಶಿಷ್ಟರ ಮೇಲಿನ ದೌರ್ಜನ್ಯ ತಡೆ ಕಾಯ್ದೆ ಬಂದ ಮೇಲೆ ನಮ್ಮ ಹಳ್ಳಿಗಳಲ್ಲೂ ‘ಅಟ್ರಾಸಿಟಿ ಕೇಸು’ ಅಂತಾರೆ. ರೋಮಿನಿಂದ ಪೊಲೀಸ್ ಠಾಣೆವರೆಗೆ ನಡೆದು ಬಂದ ಪದ ಕೈಯಲ್ಲಿದ್ದೂ ನೀವು ಅದನ್ನು ಬರೆದಿಲ್ಲವಲ್ಲ!

ಇನ್ನೊಂದು ಮಾತು. ‘ಈ ಪದಗಳೆಲ್ಲ ಬೈಗುಳವೇ’ ಎಂಬ ನಿಮ್ಮ ತೀರ್ಮಾನ ನಿಲ್ಲುವುದಿಲ್ಲ. ಕೆಚ್ಚೆದೆಯ ಸೈನಿಕನನ್ನು ರೋಮನ್ನರು ‘ಫೆರೋಕ್ಸ್’ ಅಂತ ಹೊಗಳಿದ್ದೂ ಉಂಟು. ‘ಫೆರುಸ್’ ಫ್ರೆಂಚಿನಲ್ಲಿ ‘ಫಿಯೆರ್’ ಆಗಿ, ಇವತ್ತು ಮಗಳು ಪರೀಕ್ಷೆ ಪಾಸಾದಾಗ ಫ್ರೆಂಚ್ ಅಪ್ಪ ಹೇಳುವ ‘ನನಗೆ ಹೆಮ್ಮೆ’ಯೂ ಅದೇ ಪದ. 1300ರ ಸುಮಾರಿನ ಇಂಗ್ಲಿಷಿನಲ್ಲೂ ‘ಫಿಯರ್ಸ್’ಗೆ ಧೀರ, ಗರ್ವಿ ಎಂಬ ಅರ್ಥಗಳಿದ್ದವು. ಪಳಗದವನನ್ನು ಒಬ್ಬರು ಮೃಗ ಅಂದರು, ಇನ್ನೊಬ್ಬರು ಗಂಡುಗಲಿ ಅಂದರು. ನಿಮ್ಮ ಲೇಖನ ಇಲ್ಲಿಂದಲೇ ಶುರುವಾಗಲಿ.

800 ಪದ ಸಾಕು. ಮುನ್ನುಡಿಯಲ್ಲಿ ರೋಮ್ ಸಾಮ್ರಾಜ್ಯದ ಇತಿಹಾಸ ಬೇಡ. ಬಾಯ್ದೆರೆದ ಸಿಂಹದ ಚಿತ್ರವಂತೂ ಖಂಡಿತ ಬೇಡ.