ಅರ್ಧ ರೆಸ್ಟೋರ್ ಆದ ರೋಡ್‌ಕಿಂಗ್: ಎಂಜಿನ್ ಮಾಡಿಸಿ ಮಾರೋದಾ, ಹಾಗೇ ಕೊಡೋದಾ?

ನೀವು ಕೇಳಿರುವುದು ಇಷ್ಟು. ತೀರಿಕೊಂಡ ನಿಮ್ಮ ತಂದೆಯವರ 1983ರ ಯೆಜ್ಡಿ ರೋಡ್‌ಕಿಂಗ್ ಮನೆಯಲ್ಲಿದೆ. ಪೇಂಟ್, ಕ್ರೋಮ್, ಸೀಟು, ವೈರಿಂಗ್ ಎಲ್ಲ ಮುಗಿದಿದೆ. ಎಂಜಿನ್ ಮುಟ್ಟಿಲ್ಲ, ಸ್ಟಾರ್ಟ್ ಆಗುತ್ತಿಲ್ಲ. ಗುಜರಿಯವನು 18 ಸಾವಿರ ಅಂತಾನೆ. ಗೆಳೆಯರು "ಎಂಜಿನ್ನೂ ಮಾಡಿಸಿಬಿಡು, ಒಂದೂವರೆ ಲಕ್ಷಕ್ಕೆ ಹೋಗುತ್ತೆ" ಅಂತಾರೆ. ಯಾರ ಮಾತು ಕೇಳಬೇಕು?

ಇಬ್ಬರದೂ ಬೇಡ. ಎಂಜಿನ್ ಮಾಡಿಸಬೇಡಿ, ಆದರೆ ಬಿಚ್ಚಿಸಿ ನೋಡಿ. ಒಳಗೆ ಏನು ಹೋಗಿದೆ ಅಂತ ತಿಳಿದುಕೊಂಡು, ಅದನ್ನೇ ತೋರಿಸಿ ಮಾರಿ. ಇದನ್ನು ನಾನು ದುಡ್ಡು ಕೊಟ್ಟೇ ಕಲಿತಿದ್ದು. ಹೇಗೆ ಅಂತ ಹೇಳುತ್ತೇನೆ.

ನಾನು ಮೈಸೂರಿನವನು. ಈ ಊರಲ್ಲಿ ಪ್ರತಿ ಮೂರನೇ ಮನೆಯವರಿಗೂ ಒಂದು ಜಾವಾ ಕಥೆ ಇರುತ್ತದೆ. 1961ರಿಂದ ಯಾದವಗಿರಿಯ ಫ್ಯಾಕ್ಟರಿಯಲ್ಲಿ ಜಾವಾ ತಯಾರಾಗುತ್ತಿತ್ತು. 1973ರಲ್ಲಿ ಅದರ ಹೆಸರು ಯೆಜ್ಡಿ ಆಯಿತು, 1978ರಲ್ಲಿ ರೋಡ್‌ಕಿಂಗ್ ಬಂತು, 1996ಕ್ಕೆ ಬಾಗಿಲು ಮುಚ್ಚಿತು. ನನಗೆ ಸಿಕ್ಕಿದ್ದು ಚಿಕ್ಕಪ್ಪನ 1985ರ ರೋಡ್‌ಕಿಂಗ್. ಹಿತ್ತಲಿನ ಶೀಟಿನ ಕೆಳಗೆ ಹನ್ನೊಂದು ವರ್ಷ ನಿಂತಿದ್ದ ಗಾಡಿ.

ನಾನೂ ನಿಮ್ಮ ಹಾಗೇ ಮಾಡಿದೆ. ಮೊದಲು ಬಣ್ಣ. ಕಣ್ಣಿಗೆ ಕಾಣೋದು ಅದೇ ಅಲ್ವಾ? ಪೇಂಟು, ಕ್ರೋಮು, ಎರಡು ಹೊಸ ಸೈಲೆನ್ಸರ್, ಸೀಟ್ ಕವರ್, ಟೈರು ಅಂತ 46 ಸಾವಿರ ಹೋಯಿತು. ಎಂಜಿನ್ ಹೊತ್ತಿಗೆ ಕೈ ಖಾಲಿ. ಹೊರಗಿನಿಂದ ಉಜ್ಜಿ, ಬೆಳ್ಳಿ ಬಣ್ಣದ ಸ್ಪ್ರೇ ಹೊಡೆದು, ಫ್ರೇಮಿಗೆ ಕೂರಿಸಿದೆ. ಒಳ್ಳೆ ಫೋಟೊ ತೆಗೆದು "ಸ್ವಲ್ಪ ಎಂಜಿನ್ ಕೆಲಸ ಇದೆ, 85 ಸಾವಿರ" ಅಂತ ಹಾಕಿದೆ.

ಮೊದಲ ಭಾನುವಾರವೇ ಒಬ್ಬರು ಬಂದರು. ಅರವತ್ತರ ಆಸುಪಾಸಿನವರು, ಜೇಬಲ್ಲೊಂದು ಪೆನ್ ಟಾರ್ಚು. ಬಣ್ಣದ ಕಡೆ ನೋಡಲೇ ಇಲ್ಲ. ಟ್ಯಾಂಕ್ ಮುಚ್ಚಳ ತೆಗೆದು ಒಳಗೆ ಟಾರ್ಚ್ ಬಿಟ್ಟರು. ತಳದಲ್ಲಿ ಇಟ್ಟಿಗೆ ಬಣ್ಣದ ತುಕ್ಕು. ಗೇರ್ ಲಿವರನ್ನೇ ಒಳಕ್ಕೆ ಒತ್ತಿ ಮೇಲೆತ್ತಿ ಕಿಕ್ಕರ್ ಮಾಡಿಕೊಂಡು, ಪಾದದಿಂದ ನಿಧಾನವಾಗಿ ಒತ್ತಿದರು. ಆಮೇಲೆ ಕೂತು ಎಂಜಿನ್ ಕವರಿನ ಸ್ಕ್ರೂಗಳನ್ನು ನೋಡಿದರು. ನಾನು ಹೊಡೆದ ಸ್ಪ್ರೇ ಸ್ಕ್ರೂ ತಲೆಯ ಸೀಳಿನೊಳಗೂ ತುಂಬಿಕೊಂಡಿತ್ತು. "ಇದನ್ನ ನೀವು ಬಿಚ್ಚೇ ಇಲ್ಲ. ಒಳಗೇನಿದೆ ಅಂತ ನಿಮಗೂ ಗೊತ್ತಿಲ್ಲ ಅಲ್ವಾ ಸಾರ್?" ಅಂದರು. ನಾನು ಏನೋ ಹೇಳಲು ಹೋದೆ. "30 ಕೊಡ್ತೀನಿ. ಎಲ್ಲಾನೂ ಹೋಗಿದೆ ಅಂತ ಲೆಕ್ಕ ಹಾಕಿದ್ರೆ ಅಷ್ಟೇ ಆಗೋದು" ಅಂತ ಹೇಳಿ ಟೀ ಕುಡಿದು ಹೋದರು.

ಅವರ ಮೇಲೆ ಎರಡು ದಿನ ಕೋಪ ಇತ್ತು. ಆಮೇಲೆ ಅವರು ಹೇಳಿದ್ದೇ ಸರಿ ಅನ್ನಿಸಿತು. ಒಳಗೆ ಏನಿದೆ ಅಂತ ಗೊತ್ತಿಲ್ಲದಿದ್ದರೆ ಕೊಳ್ಳುವವನು ಬ್ಲಾಕು (ಪಿಸ್ಟನ್ ಓಡಾಡುವ ಸಿಲಿಂಡರ್), ಕ್ರ್ಯಾಂಕು (ಪಿಸ್ಟನ್ ತಿರುಗಿಸುವ ದಂಡ), ಗೇರ್‌ಬಾಕ್ಸು ಎಲ್ಲದಕ್ಕೂ ದುಡ್ಡು ಕಳೆದೇ ರೇಟು ಹೇಳುತ್ತಾನೆ. ಇಂಥದ್ದು ಹೋಗಿದೆ ಅಂತ ಗೊತ್ತಾದರೆ ಅದೊಂದಕ್ಕೆ ಮಾತ್ರ ಕಳೆಯುತ್ತಾನೆ.

ನಮ್ಮ ಬೀದಿಯ ಹಳೇ ಮೇಸ್ತ್ರಿಯನ್ನು ಕರೆದೆ. "ರಿಪೇರಿ ಬೇಡ, ಬಿಚ್ಚಿ ತೋರಿಸಿ ಸಾಕು" ಅಂದೆ. ಅವರಿಗೆ ಅದು ವಿಚಿತ್ರ ಅನ್ನಿಸಿತು. 1,200 ರೂಪಾಯಿಗೆ ಒಪ್ಪಿದರು. ಹೆಡ್ಡು, ಬ್ಲಾಕು ಮೇಲೆತ್ತಿದರು. ಬ್ಲಾಕಿನ ಒಳಗೆ ರಿಂಗು ನಿಂತಿದ್ದ ಜಾಗದಲ್ಲಿ ಬಳೆಯ ಹಾಗೆ ಸುತ್ತಲೂ ಸಣ್ಣ ತುಕ್ಕಿನ ಗೆರೆ. ಅದೇನು ದೊಡ್ಡದಲ್ಲ, ಮುಂದಿನ ಸೈಜಿಗೆ ಬೋರ್ ಮಾಡಿಸಿ, ಅಂದರೆ ಒಳಗೋಡೆ ಸ್ವಲ್ಪ ಕೊರೆಸಿ, ಆ ಸೈಜಿನ ಪಿಸ್ಟನ್ ಹಾಕಿದರೆ ಮುಗೀತು. ಆಮೇಲೆ ಕನೆಕ್ಟಿಂಗ್ ರಾಡನ್ನು ಎರಡು ಬೆರಳಲ್ಲಿ ಹಿಡಿದು ಮೇಲೆ ಕೆಳಗೆ ಎಳೆದರು. ಟಕ್, ಟಕ್. ಪಕ್ಕಕ್ಕೆ ಸ್ವಲ್ಪ ಆಡಿದರೆ ಪರವಾಗಿಲ್ಲ, ಆಡಲೇಬೇಕು. ಮೇಲೆ ಕೆಳಗೆ ಆಡಿದರೆ ಬಿಗ್ ಎಂಡ್, ಅಂದರೆ ರಾಡಿನ ಕೆಳತುದಿಯ ಬೇರಿಂಗ್, ಹೋಗಿದೆ ಅಂತಲೇ. ಕ್ರ್ಯಾಂಕ್ ಬಿಚ್ಚಿ, ರಾಡ್ ಕಿಟ್ ಹಾಕಿ, ಪ್ರೆಸ್ ಮಾಡಿಸಬೇಕು. ಗೇರ್ ಆಯಿಲ್ ಇಳಿಸಿ ಅಳೆದರೆ ಅರ್ಧವೂ ಇರಲಿಲ್ಲ. ಕೆಳಗೆ ಸೋರಿದ ಗುರುತೂ ಇಲ್ಲ. ಕ್ಲಚ್ ಕಡೆಯ ಆಯಿಲ್ ಸೀಲ್ ಒಣಗಿ, ಹಿಂದೆ ಗಾಡಿ ಓಡುವಾಗ ಕ್ರ್ಯಾಂಕ್ ಆ ಆಯಿಲನ್ನೇ ಹೀರಿ ಸುಟ್ಟಿತ್ತು. ಚಿಕ್ಕಪ್ಪನ ಗಾಡಿ ಬೀದಿಗೆ ಬಂದರೆ ಸೊಳ್ಳೆ ಹೊಗೆ ಬಿಡುವ ಮುನಿಸಿಪಾಲಿಟಿ ಗಾಡಿ ಬಂದ ಹಾಗೆ ಇರುತ್ತಿತ್ತು ಅಂತ ಚಿಕ್ಕಮ್ಮ ಹೇಳುತ್ತಿದ್ದುದು ಆಗ ನೆನಪಾಯಿತು. ಗೇರುಗಳ ಹಲ್ಲು ಮಾತ್ರ ಚೆನ್ನಾಗಿದ್ದವು.

ಅಷ್ಟನ್ನೂ ಫೋಟೊ ತೆಗೆದೆ. ರಾಡ್ ಆಡುವ ವಿಡಿಯೊ ಕೂಡ ಮಾಡಿದೆ, ಟಕ್ ಟಕ್ ಸದ್ದು ಕೇಳುವ ಹಾಗೆ. "ಬೋರ್, ಪಿಸ್ಟನ್, ರಾಡ್ ಕಿಟ್, ಬೇರಿಂಗ್, ಸೀಲ್ ಬೇಕು. ಗೇರ್‌ಬಾಕ್ಸ್ ಚೆನ್ನಾಗಿದೆ. ಟ್ಯಾಂಕ್ ಒಳಗೆ ತುಕ್ಕು ಇದೆ. ಎಂಜಿನ್ ಬಿಚ್ಚಿಟ್ಟಿದೆ, ಬಂದು ನೋಡಿ" ಅಂತ ಬರೆದು 60 ಸಾವಿರ ಹಾಕಿದೆ. ಎರಡೇ ವಾರಕ್ಕೆ ಹಾಸನದ ಒಬ್ಬ ಹುಡುಗ ಬಂದು 54ಕ್ಕೆ ತೆಗೆದುಕೊಂಡು ಹೋದ. ಹೌದು, ಬಣ್ಣ ಬಳಿಯದಿದ್ದರೂ ಗಾಡಿಗೆ ಒಂದಷ್ಟು ಬೆಲೆ ಇದ್ದೇ ಇತ್ತು, ಹಾಗಾಗಿ ಬಣ್ಣಕ್ಕೆ ಹಾಕಿದ 46 ಪೂರ್ತಿ ವಾಪಸ್ ಬಂತು ಅಂತ ಹೇಳಲಾರೆ. ಆ ದುಡ್ಡಿನ ಲೆಕ್ಕ ನೀವೂ ಮರೆತುಬಿಡಿ. ನಿಮ್ಮ ಖರ್ಚು ನೋಡಿ ಯಾರೂ ರೇಟು ಕಟ್ಟುವುದಿಲ್ಲ.

ಹಾಗಾದರೆ ಎಂಜಿನ್ ಪೂರ್ತಿ ಮಾಡಿಸಿಯೇ ಮಾರಿದರೆ? ಗೆಳೆಯರ ಮಾತು ಕೇಳೋಕೆ ಚೆಂದ. ಆದರೆ ಮೈಸೂರಿನ ಸ್ಪೇರ್ಸ್ ನಿಂತು ಮೂವತ್ತು ವರ್ಷವಾಯಿತು. ಈಗ ಸಿಗುವುದು ಹೊರಗಿನವರು ಮಾಡಿದ ಮಾಲು, ಕೆಲವು ಚೆನ್ನಾಗಿವೆ, ಕೆಲವು ಇಲ್ಲ. ಕ್ರ್ಯಾಂಕ್ ಪ್ರೆಸ್ ಮಾಡುವವನು ಸ್ವಲ್ಪ ಓರೆ ಮಾಡಿದರೂ ಹೊಸ ಬೇರಿಂಗ್ ಹಾಳು. ಇಷ್ಟೆಲ್ಲ ಆದ ಮೇಲೂ ಹಳೇ ಗಾಡಿ ಹುಚ್ಚಿರುವವನು ಬಂದು ಕೇಳುವ ಮೊದಲ ಪ್ರಶ್ನೆ "ಎಂಜಿನ್ ಮಾಡಿದ್ದು ಯಾರು?" ಅವನಿಗೆ ಅವನದೇ ಮೇಸ್ತ್ರಿ ಇರುತ್ತಾನೆ. ನಿಮ್ಮ ಮೇಸ್ತ್ರಿಯನ್ನು ನಂಬುವುದಿಲ್ಲ. ಗಾಡಿ ನೀವೇ ಇಟ್ಟುಕೊಂಡು ಓಡಿಸುವುದಾದರೆ ಮಾತು ಬೇರೆ. ಆಗ ಖಂಡಿತ ಮಾಡಿಸಿ.

ಒಂದು ಎಚ್ಚರ. ಪೇಂಟ್ ಆದ ಫ್ರೇಮಿನಿಂದ ಎಂಜಿನ್ ಇಳಿಸುವಾಗ ಹೊಸ ಬಣ್ಣ ಕೀಳುತ್ತದೆ. ಹಳೇ ಸೈಕಲ್ ಟ್ಯೂಬ್ ಸೀಳಿ ಫ್ರೇಮಿನ ಕೆಳಗಿನ ಪೈಪುಗಳಿಗೆ ಬಿಗಿಯಾಗಿ ಸುತ್ತಿ. ನಾನು ಸುತ್ತಲಿಲ್ಲ. ಎರಡು ಕಡೆ ಉಗುರಿನಷ್ಟು ಪೇಂಟ್ ಎದ್ದಿತು.

ಈಗ ಕಾಗದದ ವಿಷಯ. ನಿಮ್ಮ ಕೇಸಿನಲ್ಲಿ ಎಂಜಿನ್ನಿಗಿಂತ ದೊಡ್ಡ ತಲೆನೋವು ಇದೇ. ಆರ್‌ಸಿ ತಂದೆಯವರ ಹೆಸರಲ್ಲಿದೆ ಅಂತ ಬರೆದಿದ್ದೀರಿ. ಅವರು ಇಲ್ಲದ ಮೇಲೆ ನೀವು ಹಾಗೇ ಸಹಿ ಹಾಕಿ ಮಾರುವ ಹಾಗಿಲ್ಲ. ಮೊದಲು ನಿಮ್ಮ ಹೆಸರಿಗೆ ಆಗಬೇಕು. ಅದಕ್ಕೆ ಫಾರಂ 31. ಜೊತೆಗೆ ಮರಣ ಪ್ರಮಾಣಪತ್ರ, ನಾಡಕಚೇರಿಯಿಂದ ವಂಶವೃಕ್ಷ, ಅಮ್ಮ ಮತ್ತು ಅಕ್ಕತಂಗಿಯರ ಒಪ್ಪಿಗೆ ಪತ್ರ ಮಾಡಿಸಿಟ್ಟುಕೊಳ್ಳಿ. ಆಮೇಲೆ ಕೊಳ್ಳುವವರ ಹೆಸರಿಗೆ ಫಾರಂ 29 ಮತ್ತು 30. ಬೇರೆ ರಾಜ್ಯದವರು ಕೊಂಡರೆ ಎನ್‌ಒಸಿಗೆ ಫಾರಂ 28.

ಇನ್ನೊಂದು ತೊಡಕು ಎಫ್‌ಸಿ, ಅಂದರೆ ಗಾಡಿ ಓಡಿಸಲು ಯೋಗ್ಯ ಅನ್ನುವ ಪ್ರಮಾಣಪತ್ರ. ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ, ಆಮೇಲೆ 5 ವರ್ಷಕ್ಕೊಮ್ಮೆ ರಿನೀವಲ್. ಅದಕ್ಕೆ ಇನ್‌ಸ್ಪೆಕ್ಟರ್ ಗಾಡಿ ನೋಡಬೇಕು, ಸ್ಟಾರ್ಟ್ ಆಗದ ಗಾಡಿಯನ್ನು ಅವರ ಮುಂದೆ ನಿಲ್ಲಿಸಿ ಪ್ರಯೋಜನ ಇಲ್ಲ. ಹಾಗಾಗಿ ಎಫ್‌ಸಿ ಮುಗಿದಿದ್ದರೆ ಮುಚ್ಚಿಡಬೇಡಿ. "ಎಂಜಿನ್ ಆದ ಮೇಲೆ ಎಫ್‌ಸಿ ನೀವೇ ಮಾಡಿಸಬೇಕು, ಸಹಿಗೆ ನಾನು ಬರುತ್ತೇನೆ" ಅಂತ ಒಪ್ಪಂದದಲ್ಲಿ ಬರೆಯಿರಿ. ನನ್ನ ಗಾಡಿಯದೂ ಮುಗಿದಿತ್ತು. ಹುಡುಗನ ಹೆಸರಿಗೆ ಆಗುವ ಹೊತ್ತಿಗೆ ಏಳು ತಿಂಗಳಾಯಿತು. ಎರಡು ಸಲ ಆರ್‌ಟಿಓಗೆ ಹೋಗಿಬಂದೆ.

ಆ ಏಳು ತಿಂಗಳು ನನಗೆ ನಿದ್ದೆ ಸರಿಯಾಗಿ ಬರಲಿಲ್ಲ. ದಾಖಲೆಯಲ್ಲಿ ಹೆಸರು ಯಾರದ್ದೋ ಅವರೇ ಮಾಲೀಕರು, ಅಪಘಾತವಾದರೆ ಪರಿಹಾರದ ಹೊಣೆ ಅವರದೇ ಅಂತ ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ಮಾರಿದೆ ಅಂದರೆ ಸಾಲದು. ಕೊಟ್ಟ ದಿನ, ಗಂಟೆ, "ಓಡದ ಸ್ಥಿತಿಯಲ್ಲಿ, ಲಗೇಜ್ ಆಟೊದಲ್ಲಿ ತೆಗೆದುಕೊಂಡು ಹೋದರು" ಎನ್ನುವುದು, ಅವರ ಆಧಾರ್ ನಕಲು, ಎಲ್ಲವೂ ಇರಲಿ. ಇನ್ಶೂರೆನ್ಸ್ ಇಲ್ಲದೆ ರಸ್ತೆಗೆ ಇಳಿಸಬಾರದು ಅಂತಲೂ ಬರೆಸಿ.

ಆರ್‌ಸಿ ಹರಿದಿದ್ದರೆ ಅಥವಾ ಓದಲು ಬರದಿದ್ದರೆ ಆರ್‌ಟಿಓದಿಂದ ಬಿ ಎಕ್ಸ್‌ಟ್ರಾಕ್ಟ್, ಅಂದರೆ ಅವರ ನೋಂದಣಿ ದಾಖಲೆಯ ನಕಲು, ತೆಗೆಸಿ. 1983ರ ಗಾಡಿ ಅಂದರೆ ಕೆಎ ನಂಬರ್ ಬರುವ ಮುಂಚಿನದು, ಮೂರಕ್ಷರದ ಸೀರೀಸ್. ಅದು ಕಂಪ್ಯೂಟರಿಗೆ ಏರಿದೆಯೋ ಇಲ್ಲವೋ ಮೊದಲೇ ನೋಡಿ. ಏರಿರದಿದ್ದರೆ ಅದೇ ಒಂದು ಕೆಲಸ. ಎಂಜಿನ್ ನಂಬರ್, ಚಾಸಿ ನಂಬರ್ ಆರ್‌ಸಿಗೆ ಹೊಂದುತ್ತವೆಯಾ ಅಂತ ಇವತ್ತೇ ನೋಡಿ. ಹಿಂದೆ ಎಂಜಿನ್ನಿನ ಹೊರಕವಚ ಒಡೆದರೆ ಗುಜರಿಯಿಂದ ಇನ್ನೊಂದು ತಂದು ಹಾಕುವುದು ಮಾಮೂಲಾಗಿತ್ತು. ನಂಬರಿನ ಮೇಲೆ ನಿಮ್ಮ ಪೇಂಟರ್ ದಪ್ಪಗೆ ಬಣ್ಣ ಬಳಿದಿದ್ದರೆ ಹುಷಾರಾಗಿ ತೆಗೆಸಿ. ಸ್ಯಾಂಡ್‌ಪೇಪರ್ ಮಾತ್ರ ಹಚ್ಚಬೇಡಿ. ನಂಬರ್ ಉಜ್ಜಿದ ಹಾಗೆ ಕಂಡರೆ ಬಂದವರು ಬಂದ ದಾರಿಗೇ ಹೋಗುತ್ತಾರೆ.

ಜಾಹೀರಾತಿನಲ್ಲಿ "ವಿಂಟೇಜ್" ಅಂತ ಹಾಕಲೇ ಅಂತಲೂ ಕೇಳಿದ್ದೀರಿ. ಬೇಡ. 2021ರ ಕೇಂದ್ರದ ನಿಯಮದ ಪ್ರಕಾರ 50 ವರ್ಷ ದಾಟಿ, ಮೂಲ ರೂಪದಲ್ಲೇ ಇದ್ದರೆ ಮಾತ್ರ ವಿಂಟೇಜ್. ನಿಮ್ಮದು ಇನ್ನೂ ಆ ವಯಸ್ಸಿಗೆ ಬಂದಿಲ್ಲ. ಅದರ ಬದಲು "1983, ಹಳೇ ಟೂ ಸ್ಟ್ರೋಕ್, ಮೈಸೂರು ಯೆಜ್ಡಿ" ಅಂತ ಬರೆಯಿರಿ. 2022ರಿಂದ ಯೆಜ್ಡಿ ಹೆಸರಲ್ಲಿ ಹೊಸ ಬೈಕುಗಳು ಬಂದಿರುವುದರಿಂದ ಬರೀ ಯೆಜ್ಡಿ ಅಂದರೆ ಸುಮ್ನೆ ಬೇರೆಯವರ ಫೋನುಗಳೇ ಜಾಸ್ತಿ ಬರುತ್ತವೆ.

ರೇಟು ಎಷ್ಟು? ನಿಮ್ಮ ಊರಿನ ಸುತ್ತ ಅದೇ ಕಾಲದ, ಓಡುವ, ಕಾಗದ ಸರಿ ಇರುವ ರೋಡ್‌ಕಿಂಗ್ ನಿಜವಾಗಿ ಎಷ್ಟಕ್ಕೆ ಹೋಯಿತು ಅಂತ ಮೂರ್ನಾಲ್ಕು ಜನರನ್ನು ಕೇಳಿ. ಜಾಹೀರಾತಿನ ರೇಟಲ್ಲ, ಕೈಗೆ ಬಂದ ದುಡ್ಡು. ಅದರಲ್ಲಿ ಮೇಸ್ತ್ರಿ ಬರೆದುಕೊಟ್ಟ ಎಂಜಿನ್ ಖರ್ಚು ಕಳೆಯಿರಿ. ಎಫ್‌ಸಿ ಮತ್ತು ಓಡಾಟಕ್ಕೆ ಇನ್ನಷ್ಟು ಕಳೆಯಿರಿ. ಉಳಿದಿದ್ದರ ಮೇಲೆ ನಾಲ್ಕೈದು ಸಾವಿರ ಸೇರಿಸಿ ಹೇಳಿ, ಯಾಕೆಂದರೆ ಚೌಕಾಸಿ ಮಾಡದೆ ಯಾರೂ ಬಿಡುವುದಿಲ್ಲ. "ಲಾಸ್ಟ್ ಎಷ್ಟು?" ಅಂತ ಫೋನಲ್ಲೇ ಕೇಳುವವರಿಗೆ ಬಂದು ನೋಡಿ ಅಂತಷ್ಟೇ ಹೇಳಿ. ಗುಜರಿಯವನ 18ಕ್ಕಂತೂ ಕೊಡಬೇಡಿ. ನಿಮ್ಮ ಟೈರು, ಕ್ರೋಮಿಗೇ ಅದಕ್ಕಿಂತ ಜಾಸ್ತಿ ಆಗಿರುತ್ತದೆ. ಅವನು ಬಿಚ್ಚಿ ಬಿಡಿಬಿಡಿಯಾಗಿ ಮಾರಿಕೊಳ್ಳುತ್ತಾನೆ.

ಬಿಚ್ಚಿದ ಎಂಜಿನ್ನನ್ನು ಮೂಟೆಗೆ ತುಂಬಬೇಡಿ. ಕ್ಲಚ್ಚಿನದು, ಕ್ರ್ಯಾಂಕಿನದು, ಕಿಕ್ಕರಿನದು ಅಂತ ಬೇರೆ ಬೇರೆ ಡಬ್ಬಿಗೆ ಹಾಕಿ, ಮೇಲೆ ಚೀಟಿ ಅಂಟಿಸಿ. ಹಾಸನದ ಹುಡುಗ ಗಾಡಿ ಒಯ್ದು ಹತ್ತು ದಿನಕ್ಕೆ ಫೋನ್ ಮಾಡಿದ. "ಅಣ್ಣ, ಕಿಕ್ಕರ್ ಸ್ಪ್ರಿಂಗ್ ಎಲ್ಲೂ ಸಿಗ್ತಿಲ್ಲ, ನಿಮ್ಮಲ್ಲೇ ಉಳೀತಾ?" ಇಲ್ಲಪ್ಪ, ಎಲ್ಲ ಕೊಟ್ಟೆನಲ್ಲ ಅಂದೆ. ಸಂಜೆ ಹುಡುಕಿದರೆ ಅಡುಗೆಮನೆ ಅಟ್ಟದ ಮೇಲೆ, ಉಪ್ಪಿನಕಾಯಿಯ ಹಳೇ ಬಾಟಲಿಯಲ್ಲಿ, ಸೀಮೆಎಣ್ಣೆಯೊಳಗೆ ಮುಳುಗಿ ಕೂತಿತ್ತು. ಮಾರನೇ ದಿನ ಬಸ್ಸಿನಲ್ಲಿ ಹಾಕಿ ಕಳಿಸಿದೆ.