ಓ ಯು ಜಿ ಎಚ್ ಕಾಟ

ಪ್ರಶ್ನೆ: ಸರ್, ಇಂಗ್ಲಿಷ್ ಪದದಲ್ಲಿ ಓ, ಯು, ಜಿ, ಎಚ್ ಒಟ್ಟಿಗೆ ಬಂದ್ರೆ ತಲೆ ಕೆಟ್ಟೋಗುತ್ತೆ. ಒಂದ್ಕಡೆ ಟಫ್ ಅಂತಾರೆ, ಇನ್ನೊಂದ್ಕಡೆ ಥ್ರೂ. ರೂಲ್ ಏನಾದ್ರೂ ಇದ್ಯಾ?

ಉತ್ತರ: ರೂಲಾ? ಮರೆತುಬಿಡಿ. ಟಫ್, ರಫ್, ಇನಫ್ ಒಂದು ಗುಂಪು ಅಂತ ಹಿಡ್ಕೊಂಡ್ರೆ, ಕೆಮ್ಮಿಗೆ ಕಾಫ್, ನಾದಿದ ಹಿಟ್ಟಿಗೆ ಡೋ, ಮರದ ಕೊಂಬೆಗೆ ಬೌ, ಟಿ ಸೇರಿದ್ರೆ ಥಾಟ್, ಬಾಟ್, ಹೀಗೆ ಒಂದೊಂದು ದಿಕ್ಕಿಗೆ ಹೋಗ್ತವೆ. ಹಿಂದೆಲ್ಲ ಈ ಜಿ ಎಚ್‌ಗೆ ಗಂಟಲಿಂದ ಬರೋ ಸದ್ದೊಂದಿತ್ತು, ಜರ್ಮನ್ನರು ಬಾಖ್ ಅನ್ನೋವಾಗ ಕೊನೇಲಿ ಬರುತ್ತಲ್ಲ ಹೆಚ್ಚುಕಮ್ಮಿ ಆ ಥರ, ಕಾಲ ಕಳೆದಂಗೆ ಅದು ಕೆಲವು ಪದದಲ್ಲಿ ಫ್ ಆಯ್ತು, ಉಳಿದಿದ್ರಲ್ಲಿ ಮಾಯವೇ ಆಗೋಯ್ತು, ಆದ್ರೆ 1476ರಲ್ಲಿ ಕ್ಯಾಕ್ಸ್‌ಟನ್ ಅನ್ನೋ ಮುದ್ರಕ ಇಂಗ್ಲೆಂಡಲ್ಲಿ ಪ್ರೆಸ್ ಹಾಕಿದ್ಮೇಲೆ ಸ್ಪೆಲ್ಲಿಂಗ್ ನಿಧಾನಕ್ಕೆ ಗಟ್ಟಿಯಾಗ್ತಾ ಬಂತು, ಉಚ್ಚಾರ ಮಾತ್ರ ತನ್ನ ಪಾಡಿಗೆ ಓಡ್ತಾನೇ ಇತ್ತು. ನಂಗೆ ನಗು ಬರೋದು ಬಿಕ್ಕಳಿಕೆ ವಿಷ್ಯದಲ್ಲಿ: ಹಿಕಪ್ ಅಂತ ನೆಟ್ಟಗಿದ್ದ ಪದಕ್ಕೆ ಕೆಮ್ಮಿನ ನಂಟಿದೆ ಅಂದ್ಕೊಂಡು ಯಾರೋ ಈ ನಾಲ್ಕಕ್ಷರ ಅಂಟಿಸಿದ್ರು, ಓದೋದು ಈಗ್ಲೂ ಹಿಕಪ್ಪೇ. ನೇಗಿಲು ಅನ್ನೋ ಅರ್ಥದ ಪ್ಲೌಗೆ ಅಮೆರಿಕದವ್ರು ಈ ಗೋಜೇ ಬೇಡ ಅಂತ ಡಬ್ಲ್ಯು ಹಾಕ್ಕೊಂಡ್ರು, ಜಾಣರು. ನೀವು ಒಂದೊಂದನ್ನೇ ಕಿವಿಯಿಂದ ಕಲೀರಿ.