ಕಳಸದ ಕಡೆ ಮಲೆಕುಡಿಯರ ಊರು ನೋಡಲು ಹೋಗಬಹುದೇ?

ಹೋಗಬಹುದು. ಆದರೆ ಪರಿಚಯದವರ ಜೊತೆ, ಮೊದಲೇ ಹೇಳಿ ಹೋಗಿ. ಮಲೆಕುಡಿಯರು ಅಂದರೆ ಪಶ್ಚಿಮ ಘಟ್ಟದ ಬುಡಕಟ್ಟು ಜನ. ನಾನು ಚಿಕ್ಕಮಗಳೂರು ಜಿಲ್ಲೆಯ ಕಳಸದ ಹತ್ತಿರದವನು, ಹಾಗಾಗಿ ಗೊತ್ತಿರುವುದನ್ನು ಹೇಳುತ್ತೇನೆ.

ನೀವು ಅಂದುಕೊಂಡ ಹಾಗೆ ಸಾಲು ಗುಡಿಸಲು ಅಲ್ಲಿಲ್ಲ. ಗುಡ್ಡಕ್ಕೊಂದು ಮನೆ, ಕೆಳಗೆ ಒಂದಿಷ್ಟು ಗದ್ದೆ, ಅಡಿಕೆ, ಕಾಳುಮೆಣಸು. ಜೀಪು ಒಂದು ಕಡೆ ನಿಂತುಬಿಡುತ್ತದೆ, ಅಲ್ಲಿಂದ ನಡಿಗೆ. ಹಳ್ಳ ದಾಟಲು ಸಂಕ: ಅಡಿಕೆ ಮರ ಕಡಿದು ಜೋಡಿಸಿ, ಕೈಹಿಡಿಯಲು ಒಂದು ಬಿದಿರು ಕಟ್ಟಿರುತ್ತಾರೆ. ಮಳೆಗಾಲದಲ್ಲಿ ಅದರ ಮೇಲೆ ಪಾಚಿ ಕಟ್ಟುತ್ತದೆ. ಶಾಲೆ ಮಕ್ಕಳು ದಿನಾ ಅದರ ಮೇಲೇ ದಾಟಬೇಕು. ಹುಷಾರಿಲ್ಲದವರನ್ನು ಕಂಬಳಿ ಜೋಲಿಯಲ್ಲಿ ಹೊತ್ತು ತರುವುದೂ ಅದರ ಮೇಲೆಯೇ.

ರಸ್ತೆ ಯಾಕಿಲ್ಲ ಅಂತ ನಿಮಗೆ ಅನ್ನಿಸುತ್ತದೆ. ಪಕ್ಕದ ಕುದುರೆಮುಖದ ಕಾಡನ್ನು 1987ರಲ್ಲಿ ರಾಷ್ಟ್ರೀಯ ಉದ್ಯಾನ ಅಂತ ಘೋಷಿಸಿದರು. ತಲೆತಲಾಂತರದಿಂದ ಇದ್ದ ಮನೆಗಳು ಅದರ ಒಳಗೆ ಬಂದವು. ಆಮೇಲೆ ರಸ್ತೆ, ಕರೆಂಟು, ಕಾಡಿನಿಂದ ಸೀಗೆಕಾಯಿ, ಜೇನು ತರುವುದು ಎಲ್ಲಕ್ಕೂ ಕಾನೂನು ಅಡ್ಡ. ಅದೇ ಬೆಟ್ಟಸಾಲಿನಲ್ಲಿ 2005ರ ಕೊನೆವರೆಗೂ ಕಬ್ಬಿಣದ ಅದಿರು ತೆಗೆದರು! ಇದನ್ನು ನೆನೆದರೆ ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ. 2006ರ ಅರಣ್ಯ ಹಕ್ಕು ಕಾಯ್ದೆ ಬಂದ ಮೇಲೆ ಕೆಲವರಿಗೆ ಹಕ್ಕುಪತ್ರ ಸಿಕ್ಕಿದೆ, ಎಷ್ಟೋ ಜನ ಇನ್ನೂ ಅರ್ಜಿ ಹಿಡಿದು ಓಡಾಡುತ್ತಿದ್ದಾರೆ. ಪುನರ್ವಸತಿ ತಗೊಂಡು ಹೊರಗೆ ಬಂದವರೂ ಇದ್ದಾರೆ. ಉಳಿಯಬೇಕೋ ಹೊರಡಬೇಕೋ ಅಂತ ಒಂದೇ ಮನೆಯೊಳಗೆ ಅಪ್ಪ ಒಂದು, ಮಗ ಒಂದು ಹೇಳುವುದನ್ನು ಕೇಳಿದ್ದೇನೆ. ನೀವು ಸಲಹೆ ಕೊಡಲು ಹೋಗಬೇಡಿ, ಸುಮ್ನೆ ಕೇಳಿ.

ಹೋದ ಕೂಡಲೇ ಚೊಂಬಲ್ಲಿ ನೀರು, ಜೊತೆಗೆ ಬೆಲ್ಲ ಕೊಡುತ್ತಾರೆ. ಬೇಡ ಅನ್ನಬೇಡಿ. ಆಷಾಢದಲ್ಲಿ ಹೋದರೆ ಕಳಲೆ ಪಲ್ಯ, ಕೆಸುವಿನ ಸೊಪ್ಪು, ಅಕ್ಕಿ ರೊಟ್ಟಿ ಸಿಗಬಹುದು, ಅದರ ರುಚಿಯೇ ಬೇರೆ. ಕೆಲವರು ಪೇಟೆಯಿಂದ ಬಂದು ವಯಸ್ಸಾದವರನ್ನೂ 'ಏನಯ್ಯಾ, ನೀನು' ಅಂತ ಮಾತಾಡಿಸುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ನಿಮ್ಮ ಊರಿನ ಹಿರಿಯರಿಗೆ ಕೊಡುವ ಮರ್ಯಾದೆಯನ್ನೇ ಕೊಡಿ. ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಚಾಕಲೇಟು ಹಂಚಿ ಫೋಟೋ ತೆಗೆಯುವುದೂ ಬೇಡ. ಜೇನು, ಮೆಣಸು ಮಾರಲು ಇಟ್ಟಿದ್ದರೆ ಅವರು ಹೇಳಿದ ರೇಟಿಗೆ ತಗೊಳ್ಳಿ.

ಡಿಸೆಂಬರ್, ಜನವರಿ ಒಳ್ಳೆಯ ಸಮಯ. ಮಳೆಯಲ್ಲಿ ಇಂಬಳ (ಜಿಗಣೆ) ಜಾಸ್ತಿ, ದಾರಿಯೂ ಜಾರುತ್ತದೆ. ದಾರಿ ಕಾಡಿನೊಳಗೆ ಹೋಗುವುದಾದರೆ ಅರಣ್ಯ ಇಲಾಖೆಯ ಅನುಮತಿ ಬೇಕು. ಕಳಸದಲ್ಲೋ ಸಂಸೆಯಲ್ಲೋ ಉಳಿದುಕೊಳ್ಳಿ. ಬೆಳಿಗ್ಗೆ ಬೇಗ ಹೊರಟು ನಾಲ್ಕು ಗಂಟೆಯೊಳಗೆ ವಾಪಸ್ ರಸ್ತೆ ಸೇರಿ. ಸಂಜೆ ಆ ದಾರಿಗೆ ಕಾಟಿ (ಕಾಡುಕೋಣ) ಬರುತ್ತವೆ.